ಓದಿದರೆ ಬಹುಮಾನ ಅಂತ ಶುರು ಮಾಡಿದ್ದು, ಈಗ ಬಹುಮಾನ ಇದ್ದರೆ ಮಾತ್ರ ಓದು. ಮನೆಯಲ್ಲೇ ಕಲಿಸುವವರು ಸ್ವಲ್ಪ ಹೇಳಿ

ಗಂಗಾವತಿ_ಅಮ್ಮ:

ನಮಸ್ಕಾರ ಎಲ್ಲರಿಗೂ. ನಾವು ಗಂಗಾವತಿಯವರು. ನಮ್ಮನೆಯವರದು ಗುತ್ತಿಗೆ ಕೆಲಸ, ಇವತ್ತು ಕುಷ್ಟಗಿ ಕಡೆ ಇದ್ದರೆ ಮುಂದಿನ ವರ್ಷ ಸಿಂಧನೂರು ಕಡೆ. ಮಕ್ಕಳ ಶಾಲೆ ಪದೇ ಪದೇ ಬದಲಾಗಿ ಸಾಕಾಗಿ ಹೋಯಿತು, ಹಾಗಾಗಿ ಕಳೆದ ಜೂನ್‌ನಿಂದ ಮನೆಯಲ್ಲೇ ಪಾಠ. ಮಗನಿಗೆ 9 ವರ್ಷ, ಮಗಳಿಗೆ 6. ಮಗ ಲೆಕ್ಕ ಚೆನ್ನಾಗಿ ಮಾಡುತ್ತಾನೆ, ಹುಳ ಹುಪ್ಪಟೆ ಅಂದರೆ ಪ್ರಾಣ. ಕಥೆ ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಹೊಟ್ಟೆನೋವು, ನೀರಡಿಕೆ, ನಿದ್ದೆ ಎಲ್ಲ ಒಮ್ಮೆಗೇ ಬರುತ್ತವೆ.

ಅಮೆರಿಕದಲ್ಲಿ ಪಿಜ್ಜಾ ಹಟ್‌ನವರು 1984ರಲ್ಲಿ ‘ಬುಕ್ ಇಟ್’ ಅಂತ ಒಂದು ಕಾರ್ಯಕ್ರಮ ಶುರು ಮಾಡಿದ್ದಾರೆ. ತಿಂಗಳಿಗೆ ಇಷ್ಟು ಓದಬೇಕು ಅಂತ ಗುರಿ, ಮುಟ್ಟಿದ ಮಗುವಿಗೆ ಒಂದು ಚಿಕ್ಕ ಪಿಜ್ಜಾ ಉಚಿತ. ಮನೆಯಲ್ಲಿ ಕಲಿಯುವ ಮಕ್ಕಳೂ ಸೇರಬಹುದಂತೆ. ಅದನ್ನು ನೋಡಿ ನಾನೂ ಗೋಡೆಗೆ ಚಾರ್ಟ್ ಅಂಟಿಸಿದೆ. ಒಂದು ಪುಸ್ತಕಕ್ಕೆ ಒಂದು ಸ್ಟಾರ್, 10 ಸ್ಟಾರ್ ಆದರೆ ಮಿರ್ಚಿ ಒಗ್ಗರಣೆ, 50 ಆದರೆ ಕ್ರಿಕೆಟ್ ಬ್ಯಾಟು.

ಮೊದಮೊದಲು ಭಾರಿ ಉತ್ಸಾಹ. ಈಗ ನೋಡಿದರೆ ಮನೆಯಲ್ಲಿರುವ 8 ಪುಟದ ಪುಸ್ತಕಗಳನ್ನೇ ಹುಡುಕಿ ಹುಡುಕಿ ತೆಗೀತಾನೆ. ತಂಗಿಗೆ ತಂದ ಚಿತ್ರದ ಪುಸ್ತಕಕ್ಕೂ ಸ್ಟಾರ್ ಕೇಳ್ತಾನೆ. ದೊಡ್ಡ ಪುಸ್ತಕ ತೋರಿಸಿದರೆ "ಇದಕ್ಕ ಎಷ್ಟ್ ಸ್ಟಾರ್?" ಅಂತ ಚೌಕಾಸಿ. ಸ್ಟಾರ್ ಇಲ್ಲ ಅಂದರೆ ಮುಟ್ಟುವುದೇ ಇಲ್ಲ. ನಮ್ಮ ಅತ್ತೆಯಂತೂ ದಿನಾ "ಸಾಲಿಗೆ ಕಳಿಸಿದ್ರ ಇದೆಲ್ಲ ಇರತಿದ್ದಿಲ್ಲ" ಅಂತಾರೆ. ಚಾರ್ಟ್ ತೆಗೆದುಬಿಡಲಾ, ಇಟ್ಟುಕೊಂಡೇ ಏನಾದರೂ ಬದಲಾಯಿಸಲಾ? ಮುಂದೆ ಬೇಸಿಗೆ, ಹೊರಗೆ ಕಾಲಿಡೋ ಹಾಗಿರಲ್ಲ, ಓದಿಸಲು ಅದೇ ಒಳ್ಳೆ ಸಮಯ ಅನ್ನಿಸ್ತಿದೆ.

ಜೀನ್ಸ್_ಬಳ್ಳಾರಿ:

ಅಕ್ಕಾ, ನಿಮ್ಮ ಮಗ ಜಾಣ ಇದ್ದಾನೆ. ನೀವು ಎಣಿಕೆಗೆ ಬೆಲೆ ಕಟ್ಟಿದ್ದೀರಿ, ಅವನು ಎಣಿಕೆ ಮಾಡಿ ಕೊಡ್ತಿದ್ದಾನೆ. ನಮ್ಮದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್. ಬರೀ ಪೀಸ್ ಲೆಕ್ಕದಲ್ಲಿ ಕೂಲಿ ಕೊಟ್ಟು ಹೊಲಿಗೆ ನೋಡದೆ ಬಿಟ್ಟರೆ ಏನಾಗುತ್ತೆ ಅಂತ ನಮಗೆ ಚೆನ್ನಾಗಿ ಗೊತ್ತು. ಅದಕ್ಕೆ ಕೂಲಿ ಕೊಡೋದೇ ತಪ್ಪು ಅಂತ ಯಾರೂ ಹೇಳಲ್ಲ, ಪೀಸ್ ತಿರುಗಿಸಿ ನೋಡ್ತೀವಿ ಅಷ್ಟೆ.

ನಾನು ದುಡ್ಡು ಕೊಡುವ ಪಾರ್ಟಿ. ನಮ್ಮ ಮಗಳಿಗೆ ಪುಸ್ತಕಕ್ಕೆ 5 ರೂಪಾಯಿ, ಆದರೆ ಓದಿ ಮುಗಿಸಿದ ಮೇಲೆ ನಾನು ಯಾವುದಾದರೂ ಪುಟ ತೆರೆದು ಪ್ರಶ್ನೆ ಕೇಳ್ತೀನಿ. ಹೇಳಿದರೆ ದುಡ್ಡು, ಇಲ್ಲಾಂದ್ರೆ ಇನ್ನೊಮ್ಮೆ ಓದು. ಇದು ನನ್ನ ತಲೆಯಿಂದ ಬಂದಿದ್ದಲ್ಲ. ಹಾರ್ವರ್ಡ್‌ನ ರೋಲಂಡ್ ಫ್ರೈಯರ್ ಅನ್ನೋ ಅರ್ಥಶಾಸ್ತ್ರಜ್ಞರು ಅಮೆರಿಕದ ಡಲ್ಲಾಸ್‌ನಲ್ಲಿ ಎರಡನೇ ತರಗತಿ ಮಕ್ಕಳಿಗೆ ಪುಸ್ತಕಕ್ಕೆ 2 ಡಾಲರ್ ಕೊಟ್ಟು ನೋಡಿದರು. ಓದಿದ್ದಕ್ಕೆ ಕಂಪ್ಯೂಟರಿನಲ್ಲಿ ಸಣ್ಣ ಕ್ವಿಜ್, ಪಾಸಾದರೆ ಮಾತ್ರ ದುಡ್ಡು. ಆ ಮಕ್ಕಳಿಗೆ ಓದಿದ್ದು ಅರ್ಥವಾಗುವುದು ಸುಧಾರಿಸಿತು. ಅವರೇ ನ್ಯೂಯಾರ್ಕ್, ಶಿಕಾಗೋದಲ್ಲಿ ಟೆಸ್ಟಿನ ಅಂಕಕ್ಕೆ, ಗ್ರೇಡಿಗೆ ದುಡ್ಡು ಕೊಟ್ಟಾಗ ಹೇಳಿಕೊಳ್ಳುವಂಥ ಪರಿಣಾಮ ಆಗಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನ ಇದು. ನನಗೆ ಅರ್ಥವಾಗಿದ್ದು ಇಷ್ಟು, ‘ಚೆನ್ನಾಗಿ ಮಾರ್ಕ್ಸ್ ತಗೋ’ ಅಂದರೆ ಮಗುವಿಗೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಿರಲ್ಲ. ‘ಈ ಪುಸ್ತಕ ಓದು’ ಅಂದರೆ ಗೊತ್ತಿರುತ್ತೆ. ಕೈಲಾಗುವ ಕೆಲಸಕ್ಕೆ ಕೂಲಿ ಕೊಡಿ.

ಸೈಲೆಂಟ್_ರೀಡರ್_ಹೊಸಪೇಟೆ:

ಅಣ್ಣಾ, ಡಲ್ಲಾಸ್ ಕಥೆ ಸರಿ, ಆದರೆ ಅರ್ಧ ಹೇಳಿದಿರಿ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡಿ ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳಿಗೆ ಅದೇ ಯೋಜನೆಯಿಂದ ಓದು ಸುಧಾರಿಸಲಿಲ್ಲ. ನಮ್ಮ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಬಳ್ಳಾರಿಯವರಿಗೆ ಇದನ್ನು ನಾನು ಹೇಳಬೇಕಾ?

ಇನ್ನೊಂದು ಹಳೆಯ ಪ್ರಯೋಗ ಇದೆ, 1973ರದ್ದು. ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಸ್ಟ್ಯಾನ್‌ಫರ್ಡ್‌ನ ನರ್ಸರಿ ಮಕ್ಕಳ ಮೇಲೆ ಮಾಡಿದ್ದು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯಲು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಚಿತ್ರ ಬರೆದರೆ ಸರ್ಟಿಫಿಕೇಟ್ ಕೊಡ್ತೀವಿ’ ಅಂತ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಆಟದ ಹೊತ್ತಿನಲ್ಲಿ ಪೆನ್ನು ಇಟ್ಟು ಸುಮ್ನೆ ನೋಡಿದರು. ಮೊದಲ ಗುಂಪಿನ ಮಕ್ಕಳು ಚಿತ್ರಕ್ಕೆ ಕೊಟ್ಟ ಹೊತ್ತು ಉಳಿದವರ ಅರ್ಧದಷ್ಟು ಮಾತ್ರ.

ನಿಮ್ಮ 6 ವರ್ಷದ ಮಗಳ ಬಗ್ಗೆ ನೀವು ಏನೂ ಬರೆದಿಲ್ಲ. ಅವಳು ಈಗ ತಾನೇ ಖುಷಿಯಿಂದ ಪುಸ್ತಕ ತಿರುವಿ ಹಾಕ್ತಿದ್ದರೆ ದಯವಿಟ್ಟು ಅವಳನ್ನು ಆ ಚಾರ್ಟಿಗೆ ಸೇರಿಸಬೇಡಿ. ಇಷ್ಟಪಟ್ಟು ಮಾಡೋದಕ್ಕೆ ಕೂಲಿ ಕೊಡಬಾರದು ಅನ್ನೋದು ನನ್ನ ವಾದ. ಇಷ್ಟವೇ ಇಲ್ಲದವರ ಮಾತು ಬೇರೆ.

ಜೀನ್ಸ್_ಬಳ್ಳಾರಿ:

ಕೊನೆಯ ಮಾತು ಒಪ್ಪಿದೆ. ಆದರೆ ಅಕ್ಕನ ಮಗನಿಗೆ ಇಷ್ಟವೇ ಇಲ್ಲವಲ್ಲ, ಕಳಕೊಳ್ಳೋಕೆ ಅಲ್ಲಿ ಏನಿದೆ?

ಮಾಸ್ತರ್_ಯಲಬುರ್ಗಾ:

ಬಹುಮಾನ ಕೊಡಬೇಕೋ ಬೇಡವೋ ಅನ್ನೋದನ್ನ ಸ್ವಲ್ಪ ಬದಿಗಿಡಿ. ತಂಗೀ, ಮೊದಲು ಒಂದು ವಿಷಯ ಹೇಳು. ಹುಡುಗ ಓದಲು ಒಲ್ಲೆ ಅಂತಾನೋ, ಓದಲು ಬರ್ತಿಲ್ಲವೋ?

ಸಿಟ್ಟಾಗಬೇಡ. ನಾನು ಪ್ರಾಥಮಿಕ ಶಾಲೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಲೆಕ್ಕದಲ್ಲಿ ಚುರುಕಿದ್ದು ಪುಸ್ತಕ ಕಂಡರೆ ಹೊಟ್ಟೆನೋವು ಬರಿಸಿಕೊಳ್ಳುವ ಮಕ್ಕಳು ಪ್ರತಿ ವರ್ಷ ಸಿಗುತ್ತಿದ್ದರು. ಸೋಮಾರಿಗಳು ಅಂತ ಎಲ್ಲರೂ ಬೈಯುತ್ತಿದ್ದರು. ಹತ್ತಿರ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದರೆ ಬಹಳ ಸಲ ಒತ್ತಕ್ಷರದ ಹತ್ತಿರ ಗಾಡಿ ನಿಲ್ಲುತ್ತಿತ್ತು. ‘ಅಮ್ಮ, ಅಕ್ಕ’ ಸಲೀಸು, ಅದೇ ಅಕ್ಷರಕ್ಕೆ ಅದೇ ಒತ್ತು. ‘ಪುಸ್ತಕ’ ಬಂದಾಗ ಒಂದು ಕ್ಷಣ ತಡೆ. ‘ಶಾಸ್ತ್ರ, ರಾಷ್ಟ್ರ’ ಬಂದರೆ ಒತ್ತಿನ ಕೆಳಗೆ ಮತ್ತೊಂದು ಒತ್ತು, ಹುಡುಗ ಚಿತ್ರ ನೋಡಿ ಊಹೆ ಮಾಡ್ತಾನೆ. ‘ಸೂರ್ಯ’ ಇನ್ನೂ ಮೋಸ, ಮೊದಲು ಉಚ್ಚರಿಸಬೇಕಾದ ‘ರ್’ ಕೊನೆಯಲ್ಲಿ ಕೊಂಡಿ ಹಾಕಿಕೊಂಡು ಕೂತಿರುತ್ತೆ. ಮೇಲಿಂದ ಶಾಲೆ ಪದೇ ಪದೇ ಬದಲಾಗಿದೆ ಅಂತೀಯಾ. ಎರಡನೇ ತರಗತಿಯಲ್ಲಿ ಒತ್ತಕ್ಷರ ನಡೆಯುವಾಗ ಹುಡುಗ ಯಾವ ಊರಲ್ಲಿದ್ದ ನೋಡು.

ಪರೀಕ್ಷೆ ಅಂತ ಹೇಳದೆ ಹೀಗೆ ಮಾಡು. ಅವನು ಮೊದಲು ಕಂಡಿರದ ಒಂದು ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಿಸು. ತಡವರಿಸಿದ ಪದಕ್ಕೊಂದು ಬೆರಳು ಮಡಚುತ್ತಾ ಹೋಗು, ಅವನಿಗೆ ಕಾಣಬಾರದು. ಪುಟ ಮುಗಿಯುವ ಮೊದಲೇ ಐದೂ ಬೆರಳು ಮಡಚಿದರೆ ಆ ಪುಸ್ತಕ ಅವನಿಗೆ ಸದ್ಯಕ್ಕೆ ಭಾರ. ಅಂಥ ಹುಡುಗ 8 ಪುಟದ ಪುಸ್ತಕ ಆರಿಸಿದರೆ ಕಳ್ಳಾಟ ಅಂತ ನಾನು ಹೇಳಲ್ಲ. ತನಗೆ ಆಗುವುದನ್ನು ಆರಿಸಿದ್ದಾನೆ, ಅಷ್ಟೆ.

ಗಂಗಾವತಿ_ಅಮ್ಮ:

ಸರ್, ನೀವು ಹೇಳಿದ ಹಾಗೇ ಈಗ ಮಧ್ಯಾಹ್ನ ಓದಿಸಿದೆ. ಅರ್ಧ ಪುಟಕ್ಕೇ ಐದು ಬೆರಳೂ ಮುಗಿದವು. ‘ಸ್ನೇಹಿತ’ ಅನ್ನೋದನ್ನ ‘ಸೇನಹಿತ’ ಅಂತ ಓದಿ ಮುಂದೆ ಹೋದ, ಅರ್ಥ ಆಗದಿದ್ದರೂ ನಿಲ್ಲಲಿಲ್ಲ. ನಾನು ಇಷ್ಟು ದಿನ ಅವನು ಮನಸ್ಸಿನಲ್ಲೇ ಓದ್ತಾನೆ ಅಂತ ಬಿಟ್ಟಿದ್ದೆ. ತಂಗಿಗೆ ತಂದ ಪುಸ್ತಕ ಕೊಟ್ಟು ಓದಿಸಿದರೆ ಪಟಪಟ ಓದಿದ. ಈಗ ಎಲ್ಲಿಂದ ಶುರು ಮಾಡಲಿ? ಮತ್ತೆ ಕಾಗುಣಿತ ಬರೆಸಲಾ?

ಮಾಸ್ತರ್_ಯಲಬುರ್ಗಾ:

ಕಾಗುಣಿತ ಬರೆಸಬೇಡ, ಇರುವ ಆಸಕ್ತಿಯೂ ಹೋಗುತ್ತೆ. ದಿನಕ್ಕೆ ಒಂದೇ ಒತ್ತು ಹಿಡಿ. ಇವತ್ತು ‘ತ’ ಒತ್ತು ಅಂದರೆ ದಿನಪತ್ರಿಕೆಯ ಒಂದು ಹಾಳೆ ಕೊಟ್ಟು ಆ ಒತ್ತು ಇರುವ ಪದಕ್ಕೆಲ್ಲ ಸುತ್ತು ಹಾಕಿಸು, ಆಮೇಲೆ ಅವನ್ನು ಗಟ್ಟಿಯಾಗಿ ಓದಲಿ. ಸಂಜೆ ಇಬ್ಬರೂ ಕೂತು ಒಂದೇ ಪುಸ್ತಕ, ಒಂದು ಸಾಲು ನೀನು, ಒಂದು ಸಾಲು ಅವನು. ತಪ್ಪಿದರೆ ತಡೆಯಬೇಡ, ಸಾಲು ಮುಗಿದ ಮೇಲೆ ನೀನೇ ಸರಿಯಾಗಿ ಒಮ್ಮೆ ಓದು. ಅದೇ ಪುಸ್ತಕ ಮರುದಿನ, ಮೂರನೇ ದಿನ. ಮಕ್ಕಳಿಗೆ ಒಂದೇ ಕಥೆ ಮತ್ತೆ ಮತ್ತೆ ಓದಲು ಬೇಜಾರಿಲ್ಲ, ಬೇಜಾರು ನಮಗೆ.

ಬಹುಮಾನ ಕೊಡುವುದಿದ್ದರೆ ಈ ಕೆಲಸಕ್ಕೆ ಕೊಡು. ಅಭ್ಯಾಸ ಬೇಸರದ್ದು, ಅದಕ್ಕೊಂದು ಮಿರ್ಚಿ ಇದ್ದರೆ ಯಾರಿಗೂ ನಷ್ಟ ಇಲ್ಲ. ಕಥೆ ಓದುವುದಕ್ಕೆ ಮಾತ್ರ ಬೇಡ. ಮತ್ತೆ ದೊಡ್ಡ ಪುಸ್ತಕ ನೀನೇ ರಾತ್ರಿ ಓದಿ ಹೇಳು. ಒತ್ತಕ್ಷರ ಕಲಿಯುವ ತನಕ ಹುಡುಗನ ತಲೆಗೆ ಒಳ್ಳೆ ಕಥೆ ಸಿಗಬಾರದು ಅಂತೇನಿಲ್ಲ. 9 ವರ್ಷದ ಹುಡುಗನಿಗೆ 5 ವರ್ಷದವರ ಕಥೆ ಸಪ್ಪೆ, ಅಲ್ವಾ? ಅದಕ್ಕೂ ಅವನು ಓಡಿಹೋಗ್ತಿರಬಹುದು.

ಸುಮಕ್ಕ_ರಾಯಚೂರು:

ತಡವಾಗಿ ನೋಡಿದೆ. ನಮ್ಮ ಇಬ್ಬರು ಮಕ್ಕಳೂ ಮನೆಯಲ್ಲೇ ಕಲಿತವರು, ದೊಡ್ಡವನು ಎನ್‌ಐಒಎಸ್‌ನಲ್ಲಿ, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆಯಲ್ಲಿ, ಹತ್ತನೆಯದು ಮುಗಿಸಿದ. (ನಿಮ್ಮ ಅತ್ತೆ ಕೇಳಿದರೆ ಹೇಳಿ, 14 ತುಂಬಿದವರು ಅಲ್ಲಿ ನೇರವಾಗಿ ಹತ್ತನೆಯದಕ್ಕೆ ಕಟ್ಟಬಹುದು. ಅತ್ತೆಯವರಿಗೆ ಸರ್ಟಿಫಿಕೇಟ್ ಚಿಂತೆ ಹೋದರೆ ಅರ್ಧ ಜಗಳ ನಿಲ್ಲುತ್ತೆ.)

ಮಾಸ್ತರ್ ಹೇಳಿದ್ದು ನೂರಕ್ಕೆ ನೂರು ಸರಿ. ಚಾರ್ಟ್ ತೆಗೆಯಲೇಬೇಕು ಅಂತೇನಿಲ್ಲ, ಎಣಿಸುವುದನ್ನ ನಿಲ್ಲಿಸಿ. ನಮ್ಮ ಮನೆಯಲ್ಲಿ ಬೇಸಿಗೆಗೆ ಒಂದು ಹಾಳೆ ಮಾಡುತ್ತಿದ್ದೆವು. ಪುಸ್ತಕದ ಲೆಕ್ಕ ಇಲ್ಲ, ಚೌಕದಲ್ಲಿ ಒಂದೊಂದು ಥರದ ಓದು. ನೆನಪಿರುವ ಕೆಲವು: ಅಜ್ಜಿಗೆ ಕನ್ನಡಕ ಇಲ್ಲದಾಗ ಲಗ್ನಪತ್ರಿಕೆ ಓದಿ ಹೇಳು. ಮಂಚದ ಕೆಳಗೆ ಟಾರ್ಚ್ ಹಿಡಿದು ಓದು. ಒಂದು ಅಡುಗೆ ಓದಿಕೊಂಡು ನೀನೇ ಮಾಡು (ನಮ್ಮವನು ಸೂಸಲಾ ಮಾಡಿದ, ಮಂಡಕ್ಕಿ ನೆನೆಸಿದ್ದು ಜಾಸ್ತಿಯಾಗಿ ಮುದ್ದೆ ಆಯಿತು, ಎಲ್ಲರೂ ತಿಂದೆವು). ಬಸ್‌ಸ್ಟ್ಯಾಂಡಿನಲ್ಲಿ ಬಸ್ ಬಂದಾಗ ಬೋರ್ಡ್ ನೀನೇ ಓದಿ ನಮ್ಮನ್ನು ಹತ್ತಿಸು. ಆಡಿಗೆ, ಇಲ್ಲ ನಾಯಿಗೆ, ಒಂದು ಕಥೆ ಓದಿ ಹೇಳು. ಈ ಕೊನೆಯದು ತಮಾಷೆ ಅನ್ನಿಸಬಹುದು, ಆದರೆ ತಡವರಿಸುವ ಮಕ್ಕಳಿಗೆ ಬಹಳ ಒಳ್ಳೆಯದು. ನಾಯಿ ತಪ್ಪು ಹುಡುಕಲ್ಲ.

ಅದರಲ್ಲಿ ಒಂದು ಚೌಕ ಮಸ್ಕಿ. ಅಶೋಕನ ಬಂಡೆ ಶಾಸನ ಇರುವ ಊರು, 1915ರಲ್ಲಿ ಬೆಳಕಿಗೆ ಬಂದಿದ್ದು. ಅದಕ್ಕೆ ಮೊದಲು ಸಿಕ್ಕ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’ ಅಂತ ಬಿರುದು ಮಾತ್ರ ಇತ್ತು, ಇಲ್ಲಿ ‘ಅಶೋಕ’ ಅಂತ ಹೆಸರೇ ಸಿಕ್ಕಿತು. ಮಕ್ಕಳಿಗೆ ಇದು ಪತ್ತೇದಾರಿ ಕಥೆ ಇದ್ದ ಹಾಗೆ. ಮನೆಯಲ್ಲಿ ಅದರ ಬಗ್ಗೆ ಓದಿಕೊಂಡು ಬಂದು ಬಂಡೆ ಹತ್ತಿರ ನಿಂತು ನಮಗೆ ಹೇಳಬೇಕು, ಇದು ಷರತ್ತು. ನಿಮಗಂತೂ ಇನ್ನೂ ಹತ್ತಿರ. ಕೊಪ್ಪಳದಲ್ಲೇ ಗವಿಮಠದ ಹತ್ತಿರ ಒಂದು, ಪಾಲ್ಕಿಗುಂಡು ಗುಡ್ಡದಲ್ಲಿ ಇನ್ನೊಂದು ಅಶೋಕನ ಶಾಸನ ಇದೆ. ಹೋಗುವ ಮೊದಲು ಬ್ರಾಹ್ಮಿ (ಆ ಶಾಸನಗಳ ಲಿಪಿ) ಅಕ್ಷರದ ಪಟ್ಟಿ ಮುಂದಿಟ್ಟು ಅವನ ಹೆಸರನ್ನು ಅದರಲ್ಲಿ ಬರೆಸಿ. ನಮ್ಮ ಮಕ್ಕಳು ಎಷ್ಟೋ ದಿನ ಅದರಲ್ಲೇ ಗುಟ್ಟಿನ ಚೀಟಿ ಬರೆದುಕೊಳ್ಳುತ್ತಿದ್ದರು. ಒತ್ತಕ್ಷರಕ್ಕೂ ಅನುಕೂಲ, ಬ್ರಾಹ್ಮಿಯಲ್ಲೂ ಒಂದು ಅಕ್ಷರದ ಕೆಳಗೆ ಇನ್ನೊಂದನ್ನು ಸೇರಿಸುತ್ತಾರೆ, ನಮ್ಮದು ಎಲ್ಲಿಂದ ಬಂತು ಅಂತ ಕಣ್ಣಿಗೇ ಕಾಣುತ್ತೆ.

ಬಹುಮಾನ ಅಂದರೆ ನಮ್ಮಲ್ಲಿ ಇದ್ದದ್ದು ಒಂದೇ, ಹಾಳೆಯ ಒಂದು ಸಾಲು ತುಂಬಿದರೆ ರಾತ್ರಿ ಅರ್ಧ ಗಂಟೆ ತಡವಾಗಿ ಮಲಗಬಹುದು, ಆದರೆ ಕೈಯಲ್ಲಿ ಪುಸ್ತಕ ಇರಬೇಕು. ಟಿವಿ ಇಲ್ಲ. ಮಕ್ಕಳಿಗೆ ಎಚ್ಚರ ಇರೋದೇ ದೊಡ್ಡ ಹಬ್ಬ.

ಸೈಲೆಂಟ್_ರೀಡರ್_ಹೊಸಪೇಟೆ:

ಸುಮಕ್ಕ ಹೇಳಿದ ಥರದ್ದು ನನಗೂ ಒಪ್ಪಿಗೆ, ಬಹುಮಾನವೂ ಓದೇ ಆಯಿತು. ಗುರಿ ಚಿಕ್ಕದಿರಲಿ ಅನ್ನೋದೂ ಮುಖ್ಯ. ಬ್ರಿಟನ್ನಿನ ಗ್ರಂಥಾಲಯಗಳಲ್ಲಿ 1999ರಿಂದ ಪ್ರತಿ ಬೇಸಿಗೆ ರಜೆಗೆ ಮಕ್ಕಳಿಗೆ ಓದುವ ಸವಾಲು ಇಡುತ್ತಾರೆ. ಅಲ್ಲಿ ಬಹಳ ಕಾಲ ಇದ್ದ ಗುರಿ ಇಡೀ ರಜೆಗೆ 6 ಪುಸ್ತಕ, ಅಷ್ಟೆ. ಯಾವ ಪುಸ್ತಕ ಅನ್ನೋದು ಮಗುವಿನ ಇಷ್ಟ, ಜೋಕಿನ ಪುಸ್ತಕವಾದರೂ ನಡೆಯುತ್ತೆ. ನಾವು 50, 100 ಅಂತ ಹೊರಡ್ತೀವಿ.

ಜೀನ್ಸ್_ಬಳ್ಳಾರಿ:

ಹುಳ ಹುಪ್ಪಟೆ ಅಂದರೆ ಪ್ರಾಣ ಅಂತ ಅಕ್ಕ ಮೊದಲೇ ಬರೆದಿದ್ದಾರೆ, ಯಾರೂ ಅದನ್ನ ಹಿಡಿಯಲಿಲ್ಲ. ಕಥೆ ಪುಸ್ತಕವೇ ಯಾಕೆ? ಜೇಡ, ಇರುವೆ, ಚೇಳು ಇರುವ ಪುಸ್ತಕ ಕೊಡಿ. ಗಂಡು ಹುಡುಗರು ಎಷ್ಟೋ ಜನ ರಾಜಕುಮಾರಿ ಕಥೆಗೆ ಓಡಿಹೋಗ್ತಾರೆ, ನಾನೂ ಹಾಗೇ ಇದ್ದೆ. (ನನ್ನ ಮಗಳೂ ಓಡಿಹೋಗ್ತಾಳೆ, ಆ ಮಾತು ಬೇರೆ.) 5 ರೂಪಾಯಿ ಮಾತ್ರ ನಾನು ನಿಲ್ಲಿಸಲ್ಲ, ಮೊದಲೇ ಹೇಳ್ತೀನಿ!

ಗಂಗಾವತಿ_ಅಮ್ಮ:

ಅಣ್ಣಾ, ಹುಳದ ಪುಸ್ತಕ ಕನ್ನಡದಲ್ಲಿ, ಅದೂ ಸುಲಭದ ಪದಗಳಲ್ಲಿ, ಎಲ್ಲಿ ಸಿಗುತ್ತೆ? ಇಲ್ಲಿ ಅಂಗಡಿಗಳಲ್ಲಿ ಗೈಡು, ಕಾಪಿ ಪುಸ್ತಕ ಬಿಟ್ಟರೆ ಬಣ್ಣ ಹಚ್ಚುವ ಪುಸ್ತಕ. ಪ್ರತಿ ಸಲ ಬೆಂಗಳೂರಿನಿಂದ ತರಿಸೋದು ಕಷ್ಟ. ಚಾರ್ಟ್‌ನಿಂದ ಸ್ಟಾರ್ ತೆಗೀತೀನಿ ಅಂತ ಮಗನಿಗೆ ಹೇಳಿದೆ. "ಬ್ಯಾಟು?" ಅಂದ. ಇಲ್ಲಿವರೆಗೆ ಗಳಿಸಿದ್ದಕ್ಕೆ ಬ್ಯಾಟು ಕೊಡಿಸಲೇಬೇಕು, ಮಾತು ಕೊಟ್ಟಿದ್ದೀನಿ. ಒತ್ತು ಹುಡುಕುವ ಆಟಕ್ಕೆ ಮಿರ್ಚಿ ಇಟ್ಟೆ, ಮಗಳು ತಾನೂ ಪೆನ್ಸಿಲ್ ತಂದು ಕೂತಳು, ಅವಳಿಗೆ ಏನೂ ಬಹುಮಾನ ಹೇಳಿಲ್ಲ.

ಸುಮಕ್ಕ_ರಾಯಚೂರು:

ಮೊಬೈಲಿನಲ್ಲಿ ‘ಸ್ಟೋರಿವೀವರ್’ ನೋಡಿ. ಪ್ರಥಮ್ ಬುಕ್ಸ್‌ನವರದು, 2015ರಲ್ಲಿ ಶುರುವಾಗಿದ್ದು, ದುಡ್ಡು ಕೊಡಬೇಕಿಲ್ಲ. ಕನ್ನಡದ ಪುಸ್ತಕ ಅಂತ ಆರಿಸಿಕೊಂಡು ಹಂತವನ್ನೂ ಆರಿಸಬಹುದು, 1ರಿಂದ 4ರ ತನಕ ಇವೆ. ನಿಮ್ಮ ಮಗನಿಗೆ 2ನೇ ಹಂತದಿಂದ ಶುರು ಮಾಡಿ ನೋಡಿ. ಪ್ರಾಣಿ, ಹುಳ, ವಿಜ್ಞಾನದ ಪುಸ್ತಕ ಸಾಕಷ್ಟಿವೆ. ಡೌನ್‌ಲೋಡ್ ಮಾಡಿ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ದಾರದಲ್ಲಿ ಹೊಲಿದು ಕೊಟ್ಟರೆ ಮೊಬೈಲ್ ಕಾಟವೂ ಇಲ್ಲ. ಹೊಲಿಯುವ ಕೆಲಸ ಅವನಿಗೇ ಕೊಡಿ.

ಅರಿವು_ಕೇಂದ್ರ_ಸಿಂಧನೂರು_ತಾ:

ನಾನು ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ಈಗ ಅರಿವು ಕೇಂದ್ರ ಅಂತಾರೆ. 2020ರ ನವೆಂಬರ್‌ನಲ್ಲಿ ಸರ್ಕಾರ ‘ಓದುವ ಬೆಳಕು’ ಅಂತ ಶುರು ಮಾಡಿ ಹಳ್ಳಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಶಾಲೆಗೆ ಹೋಗದ ಮಕ್ಕಳಿಗೆ ಕೊಡಲ್ಲ ಅಂತ ನಮ್ಮಲ್ಲಿ ನಾವು ಯಾರನ್ನೂ ವಾಪಸ್ ಕಳಿಸಿಲ್ಲ. ಅಕ್ಕಾ, ನೀವು ಗಂಗಾವತಿ ಪೇಟೆಯಲ್ಲಿದ್ದರೆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ಕೆಲಸಕ್ಕೆ ಹಳ್ಳಿ ಕಡೆ ಇದ್ದಾಗ ಅಲ್ಲಿನ ಅರಿವು ಕೇಂದ್ರಕ್ಕೆ ಹೋಗಿ. ಎಲ್ಲ ಕಡೆ ಪುಸ್ತಕ ಒಂದೇ ಥರ ಇರಲ್ಲ, ಬಾಗಿಲು ತೆರೆಯುವ ಹೊತ್ತೂ ಬೇರೆ ಬೇರೆ, ಮೊದಲು ವಿಚಾರಿಸಿ.

ಒಂದು ಮಾತು. ಮಗನ ಹೆಸರಲ್ಲೇ ಕಾರ್ಡ್ ಮಾಡಿಸಿ, ರಿಜಿಸ್ಟರ್‌ನಲ್ಲಿ ಪುಸ್ತಕದ ಹೆಸರು ಅವನ ಕೈಯಲ್ಲೇ ಬರೆಸಿ. ನಮ್ಮಲ್ಲಿಗೆ ಬರುವ ಮಕ್ಕಳು ಕೆಲವರು ಪುಸ್ತಕಕ್ಕಿಂತ ಆ ರಿಜಿಸ್ಟರ್‌ಗೋಸ್ಕರ ಬರ್ತಾರೆ, ಕಳೆದ ಸಲ ತಾವು ಬರೆದ ಸಾಲು ಎಲ್ಲಿದೆ ಅಂತ ಹುಡುಕಿ ಓದಿ ನೋಡ್ತಾರೆ, ಪಕ್ಕದವರು ಯಾವುದು ತಗೊಂಡು ಹೋಗಿದ್ದಾರೆ ಅಂತಾನೂ. ಹುಳದ ಪುಸ್ತಕ ನಮ್ಮಲ್ಲಿ ಇವೆ, ಇರುವೆಗಳ ಬಗ್ಗೆ ಒಂದು ಸದ್ಯ ಹೊರಗೆ ಹೋಗಿದೆ. ಸಿಂಧನೂರು ಕಡೆ ಬಂದಾಗ ಇಲ್ಲೇ ಒಂದು ಮೆಸೇಜ್ ಹಾಕಿ, ವಾಪಸ್ ಬಂದಿದ್ದರೆ ತೆಗೆದಿಡ್ತೀನಿ.